ಅರೆವೈದ್ಯಕೀಯ ಶಿಕ್ಷಣ: ಸೇರುವ ಮುನ್ನ ತಿಳಿದಿರಲಿ

(ಕೂಡಲಸಂಗಮದಲ್ಲಿ ನಡೆದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರ್ ಆಗಬೇಕೆಂಬ ಆಸೆ ನಮ್ಮ ಬಹಳಷ್ಟು ಮಕ್ಕಳಿಗಿದೆ. ಸೀಟು ಸಿಗುವುದು ಕೆಲವರಿಗೆ ಮಾತ್ರ. ಉಳಿದವರ ಕಣ್ಣು ಪ್ಯಾರಾಮೆಡಿಕಲ್ ಕೋರ್ಸುಗಳ ಮೇಲೆ ಬೀಳುತ್ತದೆ. ಇದು ಒಳ್ಳೆಯದೇ. ರಕ್ತ ಪರೀಕ್ಷೆ, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಇವುಗಳನ್ನು ನಡೆಸುವವರಿಲ್ಲದೆ ಎಂಥ ದೊಡ್ಡ ವೈದ್ಯನ ಕೈಯೂ ಕಟ್ಟಿಹಾಕಿದಂತೆ. ಆದರೆ ಈ ದಾರಿಯಲ್ಲಿ ಹೆಜ್ಜೆ ಇಡುವ ಮುನ್ನ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಮೊದಲು ಒಂದಿಷ್ಟು ಇತಿಹಾಸ. ನಮ್ಮ ದೇಶದಲ್ಲಿ ದಾದಿಯರಿಗೆ 1947ರಲ್ಲಿ, ಔಷಧ ವಿತರಕರಿಗೆ 1948ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. 1948ರ ದಂತವೈದ್ಯರ ಕಾಯ್ದೆಯಲ್ಲಿ ಹಲ್ಲು ಕಟ್ಟುವ ಮೆಕ್ಯಾನಿಕ್‌ಗಳಿಗೂ ನೋಂದಣಿಯ ವ್ಯವಸ್ಥೆ ಆಯಿತು. ಆದರೆ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್ ಇವರಿಗೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಬರಲು 2021ರವರೆಗೆ ಕಾಯಬೇಕಾಯಿತು. ಆ ವರ್ಷ ಮಾರ್ಚ್ ತಿಂಗಳಲ್ಲಿ ಸಂಸತ್ತು ರಾಷ್ಟ್ರೀಯ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಬಂದ ಮೇಲೂ ಕೆಲಸ ನಿಧಾನವೇ ಆಯಿತು. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟು, ಕಾಯ್ದೆಯನ್ನು ಜಾರಿ ಮಾಡಿರೆಂದು ಕೇಂದ್ರ ಮತ್ತು ರಾಜ್ಯಗಳಿಗೆ ಹೇಳಬೇಕಾಯಿತು. ಕರ್ನಾಟಕದಲ್ಲಿ ಈಗ ಇದಕ್ಕಾಗಿ ರಾಜ್ಯ ಕೌನ್ಸಿಲ್ ರಚನೆಯಾಗಿದೆ.

ಈ ಕಾಯ್ದೆಯ ತಿರುಳು ಸರಳ. ವೃತ್ತಿಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿದ್ದಾರೆ. ಅಲೈಡ್ ಹೆಲ್ತ್ ವೃತ್ತಿಪರ ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2000 ಗಂಟೆಗಳ ಶಿಕ್ಷಣ ಬೇಕು. ಫಿಸಿಯೋಥೆರಪಿಯಂಥ ಹೆಲ್ತ್‌ಕೇರ್ ವೃತ್ತಿಗೆ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3600 ಗಂಟೆ ಬೇಕು. ಓದಿದವರ ಹೆಸರು ರಿಜಿಸ್ಟರಿನಲ್ಲಿ ಇರಬೇಕು. ಕಾಯ್ದೆ ಬರುವ ಮೊದಲೇ ಸೇವೆಯಲ್ಲಿದ್ದವರಿಗೂ ನೋಂದಣಿಗೆ ಅವಕಾಶ ಇಟ್ಟಿದ್ದಾರೆ. ಇದು ನ್ಯಾಯವಾದದ್ದು. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ದುಡಿದವನನ್ನು ಒಂದೇ ದಿನದಲ್ಲಿ ಬೀದಿಗೆ ತಳ್ಳುವುದು ಸುಧಾರಣೆಯಲ್ಲ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದು ನೀವು ಕೇಳಬಹುದು. ರಕ್ತದ ಗುಂಪನ್ನು ತಪ್ಪಾಗಿ ಬರೆದರೆ ರೋಗಿಯ ಪ್ರಾಣವೇ ಹೋಗಬಹುದು. ಡಯಾಲಿಸಿಸ್ ನೀರಿನ ಶುದ್ಧತೆ ಕೆಟ್ಟರೂ ಹಾಗೆಯೇ. ನಮ್ಮ ಇಳಕಲ್ ಭಾಗದ ಮಾತನ್ನೇ ತೆಗೆದುಕೊಳ್ಳಿ. ಅಲ್ಲಿಯ ಕೆಂಪು ಗ್ರಾನೈಟ್‌ಗೆ ಜಗತ್ತಿನಲ್ಲೇ ಹೆಸರಿದೆ. ಆದರೆ ಕಲ್ಲು ಕೊರೆಯುವವನ ಎದೆಯೊಳಗೆ ಸಿಲಿಕಾ ಧೂಳು ಸೇರುತ್ತದೆ. ಸಿಲಿಕೋಸಿಸ್ ಮತ್ತು ಕ್ಷಯ ಎರಡೂ ಎಕ್ಸ್‌ರೇಯಲ್ಲಿ ಒಂದರಂತೆ ಇನ್ನೊಂದು ಕಾಣಬಹುದು. ಫಿಲ್ಮ್ ಸರಿಯಾಗಿ ಬಾರದಿದ್ದರೆ ವೈದ್ಯ ಏನನ್ನು ಓದಬೇಕು? ಎಕ್ಸ್‌ರೇ ತೆಗೆಯುವವನಿಗೂ ಅಪಾಯ ತಪ್ಪಿದ್ದಲ್ಲ. ಅದಕ್ಕಾಗಿಯೇ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್, ಸೀಸದ ಏಪ್ರನ್, ವಿಕಿರಣ ಅಳೆಯುವ ಬ್ಯಾಡ್ಜ್ ಇವೆಲ್ಲ ಇವೆ. ತರಬೇತಿ ಇಲ್ಲದವನಿಗೆ ಇವುಗಳ ಬೆಲೆ ಗೊತ್ತಿರುವುದಿಲ್ಲ.

ಹುನಗುಂದ, ಇಳಕಲ್ ಮೂಲಕ ವಿಜಯಪುರ-ಹೊಸಪೇಟೆ ಹೆದ್ದಾರಿ ಹಾದುಹೋಗುತ್ತದೆ. ಅಪಘಾತವಾದಾಗ ಮೊದಲು ಬರುವವನು 108 ಆಂಬ್ಯುಲೆನ್ಸಿನ ಸಿಬ್ಬಂದಿ. ಕರ್ನಾಟಕದಲ್ಲಿ ಈ ಸೇವೆ ಆರಂಭವಾದದ್ದು 2008ರ ನವೆಂಬರ್‌ನಲ್ಲಿ. ಗಾಯಾಳುವಿನ ಕುತ್ತಿಗೆಯನ್ನು ಹೇಗೆ ಹಿಡಿದು ಎತ್ತಬೇಕು ಎಂಬುದು ಗೊತ್ತಿಲ್ಲದಿದ್ದರೆ ಬದುಕಿದವನು ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾದೀತು.

ಇನ್ನು ನಿಮ್ಮ ಪಾಲಿನ ಮುಖ್ಯ ಮಾತು. "ಆರು ತಿಂಗಳಲ್ಲಿ ಟೆಕ್ನಿಷಿಯನ್, ನೂರಕ್ಕೆ ನೂರು ನೌಕರಿ" ಎಂಬ ಜಾಹೀರಾತು ಕಂಡರೆ ಕೂಡಲೇ ಹಣ ಕಟ್ಟಬೇಡಿ. ತಾಯಿಯ ಬಂಗಾರ ಒತ್ತೆ ಇಟ್ಟು ಕಟ್ಟಿದ ಫೀಸು, ಎರಡು ವರ್ಷದ ವಯಸ್ಸು ಎರಡೂ ಹೋಗುತ್ತವೆ. ಕೈಗೆ ಬರುವ ಬಣ್ಣದ ಸರ್ಟಿಫಿಕೇಟು ಸರ್ಕಾರಿ ನೇಮಕಾತಿಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ.

ಒಂದು, ಪರೀಕ್ಷೆ ನಡೆಸುವವರು ಯಾರು? ನಮ್ಮ ರಾಜ್ಯದಲ್ಲಿ ಡಿಪ್ಲೊಮಾ ಕೋರ್ಸುಗಳಿಗೆ ಅರೆವೈದ್ಯಕೀಯ ಮಂಡಳಿ, ಪದವಿಗೆ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಪ್ರಮುಖವಾದವು. ಎರಡು, ಆ ಕಾಲೇಜಿಗೆ ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ? ಒಂದು ಕೋರ್ಸಿಗೆ ಇದ್ದ ಮಾನ್ಯತೆ ಇನ್ನೊಂದಕ್ಕೆ ಇರಬೇಕೆಂದಿಲ್ಲ. ಮೂರು, ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ? ಆಸ್ಪತ್ರೆಯ ಹೆಸರು ಹೇಳದ ಸಂಸ್ಥೆಯನ್ನು ನಂಬಬೇಡಿ. ನಾಲ್ಕು, ಓದಿದ ಮೇಲೆ ರಾಜ್ಯ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಕೇಳಿರಿ. ಪ್ರವೇಶದ ಅರ್ಹತೆ, ಅವಧಿ ಬದಲಾಗುತ್ತಿರುತ್ತವೆ. ಸೇರುವ ವರ್ಷದ ಪ್ರಕಟಣೆಯನ್ನೇ ಓದಿರಿ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ನಿಯಮ ಬಿಗಿಯಾದಷ್ಟೂ ಹಳ್ಳಿಯ ಮಕ್ಕಳಿಗೆ ಬಾಗಿಲು ಮುಚ್ಚಬಾರದು. ನೋಂದಣಿಯ ಸಲುವಾಗಿ ಬೆಂಗಳೂರಿಗೆ ಅಲೆಯುವಂತಾಗಬಾರದು. ಶುಲ್ಕ ಬಡವನ ಕೈಗೆ ಎಟುಕುವಂತಿರಬೇಕು. ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಕನ್ನಡದಲ್ಲಿ, ಪ್ರತಿ ಪ್ರೌಢಶಾಲೆಯ ಫಲಕದಲ್ಲಿ ಇರಬೇಕು. ನಕಲಿ ಸಂಸ್ಥೆ ಮುಚ್ಚಿಸಿದರಷ್ಟೇ ಸಾಲದು, ಅಲ್ಲಿ ಮೋಸ ಹೋದ ಮಕ್ಕಳಿಗೆ ಬೇರೆ ದಾರಿಯನ್ನೂ ತೋರಿಸಬೇಕು.

ನಮ್ಮ ಸಂಘ ಮಾಡಬಹುದಾದ ಕೆಲಸವೂ ಇದೆ. ಫಲಿತಾಂಶದ ದಿನಗಳಲ್ಲಿ ಇಬ್ಬರು ಮೂವರು ತಿಳಿದವರು ಕುಳಿತು, ಪಾಲಕರು ತರುವ ಕಾಲೇಜಿನ ಕಾಗದಗಳನ್ನು ಓದಿ ಹೇಳಿದರೂ ಸಾಕು. ಶಿಷ್ಯವೇತನ ಕೊಡುವಾಗ ಮಾನ್ಯತೆಯ ಪ್ರತಿಯನ್ನು ಕಡ್ಡಾಯ ಮಾಡಿದರೆ ಇನ್ನೂ ಒಳ್ಳೆಯದು.

ಕಾಯಕಕ್ಕೆ ಗೌರವ ಕೊಟ್ಟ ಬಸವಣ್ಣನವರ ನೆಲದಲ್ಲಿ ನಿಂತು ಮಾತಾಡುತ್ತಿದ್ದೇನೆ. ಲ್ಯಾಬಿನ ಕೆಲಸ ಡಾಕ್ಟರಿಕೆಗಿಂತ ಕೀಳು ಎಂದು ಯಾರೂ ಭಾವಿಸಬೇಡಿ. ಮಾನ್ಯತೆ ಇರುವ ಕಡೆ ಸೇರಿರಿ, ಚೆನ್ನಾಗಿ ಕಲಿಯಿರಿ, ಹೆಸರು ನೋಂದಾಯಿಸಿರಿ. ನೀವು ಸಹಿ ಮಾಡಿದ ರಿಪೋರ್ಟನ್ನು ನಂಬಿ ಒಬ್ಬ ವೈದ್ಯ ಔಷಧ ಬರೆಯುತ್ತಾನೆ ಎಂಬುದು ನೆನಪಿರಲಿ.