ಉಳಿದದ್ದು ಹಳಸುವ ಮೊದಲು



ಊಟದ ನಂತರ ಮಿಗುವುದಕ್ಕೆ ಕನ್ನಡದಲ್ಲಿ ಹೆಸರು ಒಂದೇ ಅಲ್ಲ. ಪಾತ್ರೆಯಲ್ಲಿ ರಾತ್ರಿ ಕಳೆದು ಮುಂಜಾವಿಗೆ ಉಳಿದದ್ದು ತಂಗಳು. ಉಂಡ ಎಲೆಯಲ್ಲಿ ಬಾಯಿ ತಾಗಿ ಉಳಿದದ್ದು ಎಂಜಲು. ಅಕ್ಕಿ, ತರಕಾರಿ ತೊಳೆದ ನೀರಿಗೆ ಪಾತ್ರೆಯ ತಳದ ಅಗುಳು ಸೇರಿದರೆ ಅದು ಕಲಗಚ್ಚು. ಕೆಟ್ಟು ನಾರಿದ್ದು ಹಳಸಲು. ಈ ನಾಲ್ಕು ಮಾತುಗಳು ಬರಿಯ ಹೆಸರುಗಳಲ್ಲ. ಪ್ರತಿಯೊಂದೂ ತಾನು ಹೋಗಬೇಕಾದ ದಾರಿಯನ್ನು ತಾನೇ ಸೂಚಿಸುತ್ತಿತ್ತು. ತಂಗಳು ಮರಳಿ ಒಲೆಗೆ, ಕಲಗಚ್ಚು ಕೊಟ್ಟಿಗೆಗೆ, ಎಂಜಲು ಹಾಗೂ ಹಳಸಲು ಗೊಬ್ಬರದ ಗುಂಡಿಗೆ. ಇಂದು ಮಲೆನಾಡಿನ ಮನೆಗಳಲ್ಲಿಯೂ ಈ ನಾಲ್ಕನ್ನೂ ‘ವೇಸ್ಟ್’ ಎಂಬ ಒಂದೇ ಮಾತು ನುಂಗಿದೆ. ಮಾತಿನ ಭೇದ ಅಳಿದ ಕಡೆ ದಾರಿಯ ಭೇದವೂ ಅಳಿಯಿತು. ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲವನ್ನು ಸೇರಿ ರಸ್ತೆಯ ತಿರುವಿನಲ್ಲಿ ಬೀಳತೊಡಗಿತು.

ಈ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಆಹಾರ ವ್ಯರ್ಥ ಸೂಚ್ಯಂಕ ವರದಿ ಒಂದು ಅಳತೆಯನ್ನು ಕೊಡುತ್ತದೆ. ಅದರ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ ಬಂದದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂಬುದು ಅದೇ ವರದಿಯ ಅಂದಾಜು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 150 ಗ್ರಾಂ. ಈ ಲೆಕ್ಕದಲ್ಲಿ ಸಿಪ್ಪೆ, ಬೀಜ, ಮೂಳೆಗಳೂ ಸೇರಿವೆ. ಆದರೆ ಯಾವುದು ಸಿಪ್ಪೆ, ಯಾವುದು ಆಹಾರ ಎಂಬುದನ್ನು ನಿರ್ಧರಿಸುವುದು ಅಡುಗೆಯ ತಿಳಿವಳಿಕೆಯೇ ಹೊರತು ತರಕಾರಿಯಲ್ಲ.

ಗಾಳಿಯಾಡದ ಕಸದ ರಾಶಿಯಲ್ಲಿ ಕೊಳೆಯುವ ಅನ್ನವು ಮೀಥೇನ್ ಅನಿಲವನ್ನು ಹೊಮ್ಮಿಸುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದರ ಶಾಖವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಘಟ್ಟದ ರಸ್ತೆಗಳಲ್ಲಿ ಇದರ ಪರಿಣಾಮ ಬೇರೆ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಎಸೆದ ಪೊಟ್ಟಣಗಳ ರುಚಿ ಹಿಡಿದ ಮಂಗಗಳು ಕಾಡಿನ ಹಣ್ಣನ್ನು ಬಿಟ್ಟು ವಾಹನಗಳಿಗಾಗಿ ಕಾಯುತ್ತವೆ. ಅನ್ನದ ವಾಸನೆಗೆ ಬಂದ ದನಗಳು ಚೀಲವನ್ನೂ ನುಂಗುತ್ತವೆ. ಊರಂಚಿನ ಕಸಕ್ಕೆ ಬಂದ ಹಂದಿ ಗದ್ದೆಯ ದಾರಿಯನ್ನು ಕಲಿಯುತ್ತದೆ. ಆಷಾಢದ ಮಳೆಯಲ್ಲಿ ನೆಟ್ಟು, ಇಂಬಳಕ್ಕೆ ರಕ್ತ ಕೊಟ್ಟು, ಇರುಳೆಲ್ಲ ಮಾಳದಲ್ಲಿ ಕುಳಿತು ಹಂದಿಯಿಂದ ಕಾಯ್ದ ಬತ್ತವೇ ಕೊನೆಗೆ ಹಂದಿಯನ್ನು ಕರೆಯುವ ಕಸವಾಗುವುದು ವಿಪರ್ಯಾಸವಲ್ಲವೇ?

ಹಾಗಾದರೆ ತಂಗಳು ಮರಳಿ ಒಲೆಗೆ ಹೋಗುವ ದಾರಿ ಯಾವುದು? ಮಲೆನಾಡು, ಕೊಡಗುಗಳ ಅಕ್ಕಿರೊಟ್ಟಿಯೇ ಇದಕ್ಕೆ ಮೊದಲ ಪಾಠ. ಅಕ್ಕಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬರಿಯ ಹಿಟ್ಟನ್ನು ತಟ್ಟಿದರೆ ಅಂಚು ಸೀಳುತ್ತದೆ. ಮಿಕ್ಕ ಅನ್ನವನ್ನು ನುಣ್ಣಗೆ ಮಿದ್ದು ಹಿಟ್ಟಿಗೆ ಸೇರಿಸಿದರೆ ಬೆಂದ ಪಿಷ್ಟವು ಅಂಟಿನಂತೆ ಹಿಟ್ಟನ್ನು ಹಿಡಿದಿಡುತ್ತದೆ. ಇಲ್ಲಿ ಮಿಕ್ಕ ಅನ್ನವು ರೊಟ್ಟಿಯಲ್ಲಿ ಅಡಗಿ ಕುಳಿತಿಲ್ಲ. ರೊಟ್ಟಿ ರೊಟ್ಟಿಯಾಗುವುದೇ ಅದರಿಂದ. ದೋಸೆಯ ಅಕ್ಕಿ ರುಬ್ಬುವಾಗ ಒಂದು ಹಿಡಿ ಅನ್ನ ಹಾಕುವುದರ ಗುಟ್ಟೂ ಇಂಥದೇ, ದೋಸೆ ಮೆತ್ತಗಾಗುತ್ತದೆ. ತಣಿದ ಅನ್ನದಲ್ಲಿ ಪಿಷ್ಟವು ಮತ್ತೆ ಗಟ್ಟಿಯಾಗಿ ಅಗುಳುಗಳು ಬಿಡಿಯಾಗುವುದರಿಂದ ಚಿತ್ರಾನ್ನ, ಪುಳಿಯೋಗರೆಗಳಿಗೆ ಅದು ಬಿಸಿ ಅನ್ನಕ್ಕಿಂತ ಮಿಗಿಲು. ಬೇಸಿಗೆಯಲ್ಲಿ ಅದೇ ಅನ್ನಕ್ಕೆ ಜೀರಿಗೆ, ಉಪ್ಪು, ಹಸಿಮೆಣಸು ಸೇರಿಸಿ ಮಿದ್ದು ಬಿಸಿಲಿಗಿಟ್ಟರೆ ಮಳೆಗಾಲಕ್ಕೆ ಸಂಡಿಗೆ ಸಿದ್ಧ.

ಮೇಲೋಗರಗಳಿಗೂ ಎರಡನೆಯ ಜನ್ಮವುಂಟು. ಒಣಪಲ್ಯವನ್ನು ಹಿಟ್ಟಿನಲ್ಲಿ ಕಲಸಿದರೆ ಪಲ್ಯದ ರೊಟ್ಟಿ. ಬೆಂದ ಬೇಳೆಯಲ್ಲಿ ಗೋಧಿಹಿಟ್ಟನ್ನು ಕಲಸಿದರೆ ಮೃದುವಾದ ಚಪಾತಿ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟು ಸಾರಾಗುವುದು ಎಲ್ಲರಿಗೂ ತಿಳಿದದ್ದೇ. ಮಿಕ್ಕ ಇಡ್ಲಿಯನ್ನು ಪುಡಿಮಾಡಿ ಒಗ್ಗರಣೆ ಕೊಟ್ಟರೆ ಉಪ್ಪಿಟ್ಟು. ಹುಳಿಯೇರಿದ ಮಜ್ಜಿಗೆ ಮಜ್ಜಿಗೆಹುಳಿಗೂ ರವೆದೋಸೆಗೂ ಸಲ್ಲುತ್ತದೆ.

ಇನ್ನು ಸಿಪ್ಪೆ, ಬೀಜಗಳ ಮಾತು. ಹೀರೆಕಾಯಿಯ ಸಿಪ್ಪೆಯನ್ನು ಹುರಿದು ಹುಣಿಸೆ, ಕಾಯಿ, ಮೆಣಸಿನೊಂದಿಗೆ ಅರೆದರೆ ಚಟ್ನಿ. ಕಲ್ಲಂಗಡಿಯ ಕೆಂಪು ತಿರುಳಿಗೂ ಹಸಿರು ತೊಗಟೆಗೂ ನಡುವಿನ ಬಿಳಿಯ ಭಾಗವನ್ನು ಅಕ್ಕಿಯೊಂದಿಗೆ ರುಬ್ಬಿದರೆ ದೋಸೆ. ಬಾಳೆಕಾಯಿಯ ಸಿಪ್ಪೆ ಪಲ್ಯವಾಗುತ್ತದೆ, ದಾಳಿಂಬೆಯ ಸಿಪ್ಪೆ ತಂಬುಳಿಯಾಗುತ್ತದೆ. ಹಲಸಿನ ಬೀಜವನ್ನು ಕೆಮ್ಮಣ್ಣು ಸವರಿ ಕಾಪಿಟ್ಟು ಮಳೆಗಾಲವೆಲ್ಲ ಹುಳಿಗೆ, ಪಲ್ಯಕ್ಕೆ ಬಳಸುವ ರೂಢಿ ಘಟ್ಟದ ಮೇಲೂ ಕೆಳಗೂ ಇದೆ. ಒಂದು ಎಚ್ಚರ ಮಾತ್ರ ಅಗತ್ಯ: ಪೇಟೆಯಿಂದ ತಂದ ಕಾಯಿಗಳ ಸಿಪ್ಪೆಯಲ್ಲಿ ಕೀಟನಾಶಕದ ಶೇಷವಿರಬಹುದು, ತೊಳೆದಮಾತ್ರಕ್ಕೆ ಎಲ್ಲವೂ ಹೋಗುವುದಿಲ್ಲ. ಸಿಪ್ಪೆಯ ಅಡುಗೆಗೆ ಹಿತ್ತಿಲ ಕಾಯಿಯೇ ಲೇಸು. ವಿಷವಿಲ್ಲದ ಹಿತ್ತಿಲಿಗೂ ವ್ಯರ್ಥವಿಲ್ಲದ ಅಡುಗೆಮನೆಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ.

ಆದರೆ ಉಳಿಸುವ ಉತ್ಸಾಹಕ್ಕೆ ಒಂದು ಎಲ್ಲೆ ಇರಲೇಬೇಕು. ಅಕ್ಕಿಯಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಪಾತ್ರೆಯಲ್ಲಿ ಅವು ಮೊಳೆತು ಬೆಳೆಯುತ್ತವೆ. ಅವು ಬಿಡುವ ವಾಂತಿಕಾರಕ ವಿಷವು ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶೈತ್ಯದಲ್ಲಿ ಇಡಬೇಕು, ಮತ್ತೆ ಬಿಸಿ ಮಾಡುವಾಗ 70 ಡಿಗ್ರಿ ದಾಟಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದ ಹಳ್ಳಿಗೆ ಫ್ರಿಜ್ಜಿನ ಆಸರೆ ಸಾಲದು. ಅಂಥಲ್ಲಿ ಅಳೆದು ಬೇಯಿಸುವುದೇ ಮೊದಲ ಉಪಾಯ. ಮಿಕ್ಕರೆ ಅಗಲವಾದ ಪಾತ್ರೆಗೆ ಹರವಿ ಬೇಗ ತಣಿಸಿ, ಅಂದಿನ ಮುಂದಿನ ಹೊತ್ತಿಗೇ ಬಳಸಬೇಕು. ಕಾಯಿ ಅರೆದು ಹಾಕಿದ ಪದಾರ್ಥ ಬೇಗ ಹಳಸುವುದರಿಂದ, ಬೇಕಾದಷ್ಟು ಹೋಳಿಗೆ ಮಾತ್ರ ಕಾಯಿ ಬೆರೆಸುವುದು ಜಾಣತನ.

ಅನ್ನವನ್ನು ನೀರಿನಲ್ಲಿ ನೆನೆಸಿ ಮರುದಿನ ಉಣ್ಣುವ ಪದ್ಧತಿ ಒಡಿಶಾದ ಪಖಾಲ, ಅಸ್ಸಾಮಿನ ಪೊಯಿತಾ ಭಾತ್, ಕೇರಳದ ಪಳಂಗಂಜಿಗಳಲ್ಲಿ ಉಳಿದಿದೆ. ಕನ್ನಡ ನಾಡಿನ ತಂಗಳನ್ನವೂ ಅದೇ ಬಳಗದ್ದು. ಅಲ್ಲಿ ಹುಳಿಯೇ ಕಾವಲುಗಾರ. ಹುಳಿ ಏರುವ ಮೊದಲಿನ ಗಂಟೆಗಳೇ ಅಪಾಯದವು. ಆದುದರಿಂದ ಬೇಗ ತಣಿದ ಅನ್ನ, ಕುದಿಸಿ ಆರಿಸಿದ ನೀರು, ಶುಚಿಯಾದ ಪಾತ್ರೆ, ಒಂದು ಸೌಟು ಹುಳಿಮೊಸರು ಇವು ಬೇಕು. ಲೋಳೆ ಕಂಡರೆ, ದುರ್ವಾಸನೆ ಬಂದರೆ ಅದು ತಂಗಳಲ್ಲ, ಹಳಸಲು. ಎಳೆಮಕ್ಕಳಿಗೂ ರೋಗಿಗಳಿಗೂ ಗರ್ಭಿಣಿಯರಿಗೂ ಹೊಸ ಅನ್ನವೇ ಸಲ್ಲಬೇಕು.

ಈ ಎಲ್ಲೆಯನ್ನು ಮರೆತರೆ ಏನಾಗುತ್ತದೆ? 2001ರಲ್ಲಿ ಒಡಿಶಾದ ರಾಯಗಡ ಜಿಲ್ಲೆಯ ಕಾಶೀಪುರದಲ್ಲಿ ಮಾವಿನ ಗೊರಟಿನ ಗಂಜಿ ಉಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ವರದಿಯಾಯಿತು. 2024ರಲ್ಲಿ ಅದೇ ರಾಜ್ಯದ ಕಂಧಮಾಲ್ ಜಿಲ್ಲೆಯಲ್ಲಿ ಮತ್ತೆ ಸಾವುಗಳಾದವು. ಮಲೆನಾಡಿನಲ್ಲಿ ಗೊರಟಿನ ತಿರುಳು ಒಣಗಿಸಿದ ಔಷಧಿ, ಚಿಟಿಕೆಯಷ್ಟು ಸೇರುವ ತಂಬುಳಿ. ಅಲ್ಲಿ ಅದು ಅಕ್ಕಿ ಇಲ್ಲದ ತಿಂಗಳುಗಳ ಊಟ; ಮಳೆಯ ತೇವಕ್ಕೆ ಬೂಷ್ಟು ಹಿಡಿದಿದ್ದರೂ ತಿನ್ನಲೇಬೇಕಾದ ಊಟ. ತಿರುಳು ಒಂದೇ, ಅದನ್ನು ತಿನ್ನಿಸಿದ ಕಾರಣ ಬೇರೆ. ಮಿತವ್ಯಯವೆಂದರೆ ಬೇಡವೆನ್ನುವ ಸ್ವಾತಂತ್ರ್ಯ ಉಳ್ಳವರ ಗುಣ. ಹಸಿವಿಗೆ ಆ ಸ್ವಾತಂತ್ರ್ಯವಿಲ್ಲ. ಒಂದನ್ನು ಇನ್ನೊಂದರ ಹೆಸರಿನಲ್ಲಿ ಹೊಗಳುವುದು ಅನ್ಯಾಯ.

ಇದೇ ಅಳತೆಗೋಲನ್ನು ಮನೆಯೊಳಗೂ ಹಿಡಿಯಬೇಕಾಗಿದೆ. ಹಿಂದಿನ ಅಡುಗೆಮನೆ ಏನನ್ನೂ ಎಸೆಯುತ್ತಿರಲಿಲ್ಲವೆಂಬುದು ನಿಜ. ಆದರೆ ತಂಗಳು ಯಾರ ತಟ್ಟೆಗೆ ಬೀಳುತ್ತಿತ್ತು? ಎಲ್ಲರೂ ಉಂಡೆದ್ದ ಮೇಲೆ ಕುಳಿತ ಸೊಸೆಯ ತಟ್ಟೆಗೆ, ಜಗಲಿಯ ಕೆಳಗೆ ನಿಂತ ಆಳಿನ ಬೊಗಸೆಗೆ. ಬಿಸಿ ಅನ್ನ ಒಳಗೆ, ತಂಗಳು ಹೊರಗೆ ಎಂಬ ಆ ವ್ಯವಸ್ಥೆಯನ್ನು ಪರಿಸರದ ಹೆಸರಿನಲ್ಲಿ ಮರಳಿ ತರುವುದಾದರೆ ಅಂಥ ಮಿತವ್ಯಯವೇ ಬೇಡ. ಉಳಿದದ್ದರಿಂದ ಮಾಡಿದ ರೊಟ್ಟಿಯನ್ನು ಮನೆಯ ಯಜಮಾನನೂ ಅದೇ ಪಂಕ್ತಿಯಲ್ಲಿ, ಅದೇ ಹೊತ್ತಿನಲ್ಲಿ ಉಣ್ಣಬೇಕು. ಅದನ್ನು ಮಿದ್ದು ತಟ್ಟುವ ಕೆಲಸದಲ್ಲಿ ಗಂಡಸರ ಕೈಯೂ ಇರಬೇಕು. ತಾನು ಉಣ್ಣಲೊಲ್ಲದ್ದನ್ನು ಪರರಿಗೆ ಕೊಡುವುದು ದಾನವಲ್ಲ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಹಂಚುವವರು ಸಂಜೆಯವರೆಗೆ ಕಾಯದೆ, ಬಡಿಸುವ ಮೊದಲೇ ತೆಗೆದಿರಿಸಿ, ಬಿಸಿಯಾಗಿರುವಾಗಲೇ ತಲುಪಿಸುವುದು ಮರ್ಯಾದೆಯ ಮಾರ್ಗ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಒಂದು ತಿಂಗಳ ಕಾಲ ಪ್ರತಿ ಮನೆಯಲ್ಲಿ ಮಿಕ್ಕದ್ದನ್ನು ತೂಗಿ, ತಂಗಳು, ಕಲಗಚ್ಚು, ಎಂಜಲು, ಹಳಸಲು ಎಂಬ ನಾಲ್ಕು ಕಲಮುಗಳಲ್ಲಿ ಬರೆಯಬಹುದು. ಐದನೆಯದಾಗಿ ಇನ್ನೊಂದು ಕಲಮು ಇರಲಿ: ಮಿಕ್ಕದ್ದನ್ನು ಉಂಡವರು ಯಾರು? ಮೊದಲ ನಾಲ್ಕು ಕಲಮುಗಳು ಅಡುಗೆಮನೆಯ ಕೌಶಲವನ್ನು ತಿಳಿಸುತ್ತವೆ, ಐದನೆಯದು ಮನೆಯ ನ್ಯಾಯವನ್ನು. ಎಂಜಲಿನ ಕಲಮು ಉದ್ದವಾಗಿದ್ದರೆ ಬಡಿಸುವ ಕೈ ಕಲಿಯಬೇಕು; ಹಳಸಲಿನದು ಉದ್ದವಾಗಿದ್ದರೆ ಅಳೆಯುವ ಕೈ ಕಲಿಯಬೇಕು; ಐದನೆಯದರಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಇಡೀ ಮನೆಯೇ ಕಲಿಯಬೇಕು.

ನಾಲ್ಕು ಮಾತುಗಳು ನಾಲಿಗೆಗೆ ಮರಳಿದರೆ ನಾಲ್ಕು ದಾರಿಗಳೂ ತೆರೆದುಕೊಳ್ಳುತ್ತವೆ. ಕೊಟ್ಟಿಗೆಯ ಹಸು, ಹಿತ್ತಿಲ ಗುಂಡಿ, ಅಡುಗೆಯ ಒಲೆ ತಮ್ಮ ತಮ್ಮ ಪಾಲಿಗಾಗಿ ಕಾದಿವೆ. ಘಟ್ಟದ ತಿರುವಿನಲ್ಲಿ ಕಾದಿರುವ ಮಂಗ ಮಾತ್ರ ಕಾಡಿಗೆ ಹಿಂದಿರುಗಲಿ.