ಕೈ ಎತ್ತದೆ ನಿಲ್ಲುವ ಬಗೆ
(ತುಮಕೂರು, ಗುಬ್ಬಿ, ಕುಣಿಗಲ್‌ಗಳ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಆಡಿದ ಮಾತಿನ ಪಾಠ)



ಕೂಲಿಯ ವಿಷಯ, ಬೋನಸ್ಸಿನ ವಿಷಯ ಮಾತನಾಡಲು ನಾವು ಎಷ್ಟೋ ಸಲ ಸೇರಿದ್ದೇವೆ. ಇವತ್ತಿನ ವಿಷಯ ಅದಕ್ಕಿಂತ ಚಿಕ್ಕದೆಂದು ಕೆಲವರಿಗೆ ತೋರಬಹುದು. ತುಮಕೂರಿನ ಅಕ್ಕಿ ಗಿರಣಿಯ ಅಂಗಳದಲ್ಲಿ, ಗುಬ್ಬಿಯ ಕಾಯಿ ಮಂಡಿಯಲ್ಲಿ, ಕುಣಿಗಲ್ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಾತು ಬೆಳೆದು ಕೈಗೆ ಬರುತ್ತದಲ್ಲ, ಆ ಘಳಿಗೆಯ ವಿಷಯ. ಘಳಿಗೆ ಐದು ನಿಮಿಷದ್ದು. ಫಲವನ್ನು ಮಾತ್ರ ಮನೆಮಂದಿಯೆಲ್ಲ ವರ್ಷಗಟ್ಟಲೆ ಉಣ್ಣಬೇಕು.

ಹರಿಯಾಣದ ಮಾನೇಸರದ ಮಾರುತಿ ಕಾರು ಕಾರ್ಖಾನೆಯಲ್ಲಿ 2012ರ ಜುಲೈ 18ರಂದು ಗಲಭೆಯಾಯಿತು, ಬೆಂಕಿ ಬಿತ್ತು, ಒಬ್ಬ ಅಧಿಕಾರಿ ಸತ್ತ. ಸತ್ತವನೂ ಸಂಬಳಕ್ಕೆ ದುಡಿಯುವವನೇ. 2017ರ ಮಾರ್ಚಿನಲ್ಲಿ ನ್ಯಾಯಾಲಯ 31 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿತು; ಅವರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆ. 117 ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಈ 117ರ ಸಂಖ್ಯೆಯನ್ನು ಸ್ವಲ್ಪ ಯೋಚಿಸಿ. ಏನೂ ಮಾಡಿಲ್ಲವೆಂದು ನ್ಯಾಯಾಲಯವೇ ಒಪ್ಪಿದ ಈ ಜನರಲ್ಲಿ ಬಹುಮಂದಿ ಅಷ್ಟು ಹೊತ್ತಿಗೆ ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದಿದ್ದರು. ಹೋದ ಕೆಲಸವನ್ನು ಯಾವ ತೀರ್ಪೂ ತಿರುಗಿ ಕೊಡಲಿಲ್ಲ. ಗುಂಪಿನಲ್ಲಿ ಕೈ ಎತ್ತಿದವನು ಯಾರು, ಬಿಡಿಸಲು ಹೋದವನು ಯಾರು ಎಂದು ಪೊಲೀಸರ ಪಟ್ಟಿ ಕೇಳುವುದಿಲ್ಲ.

ಅದು ದೂರದ ಮಾತಾಯಿತು. ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಬನ್ನಿ. ಅಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಸಿಟ್ಟು ಸಿಡಿಯಿತು. ಗಾಜು ಪುಡಿಯಾಯಿತು, ವಾಹನಗಳು ಮಗುಚಿದವು. ಅಲ್ಲಿದ್ದವರು ಬಹುಪಾಲು ಗುತ್ತಿಗೆದಾರರ ಮೂಲಕ ಬಂದ ಹುಡುಗರು, ಹುಡುಗಿಯರು. ಹನ್ನೆರಡು ಗಂಟೆ ದುಡಿಮೆ. ಬಂದ ಸಂಬಳ ಲೆಕ್ಕಕ್ಕೆ ಹೊಂದುವುದಿಲ್ಲ. ಹಾಜರಿ ಯಂತ್ರ ಸರಿಯಿಲ್ಲ. ಕೇಳಲು ಹೋದರೆ ಕಂಪನಿ ಗುತ್ತಿಗೆದಾರನ ಕಡೆ ತೋರಿಸುತ್ತದೆ, ಗುತ್ತಿಗೆದಾರ ಕಂಪನಿಯ ಕಡೆ ತೋರಿಸುತ್ತಾನೆ. ಒಂದು ವಾರದೊಳಗೆ ಕಂಪನಿ ತಾನೇ ಒಪ್ಪಿತು, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು. ಕ್ಷಮೆ ಕೇಳಿತು, ದೊಡ್ಡ ಅಧಿಕಾರಿಯೊಬ್ಬನನ್ನು ತೆಗೆದುಹಾಕಿತು. ಮೊದಲು 437 ಕೋಟಿ ರೂಪಾಯಿ ನಷ್ಟವೆಂದು ದೂರು ಕೊಟ್ಟಿದ್ದ ಅದೇ ಕಂಪನಿ ಆಮೇಲೆ ಆ ಲೆಕ್ಕವನ್ನು ಬಹಳವಾಗಿ ಇಳಿಸಿತು. ನ್ಯಾಯ ಯಾರ ಕಡೆಗಿತ್ತು ಎಂಬುದರಲ್ಲಿ ಇನ್ನು ಸಂಶಯವೇನಿದೆ? ಆದರೂ ನೂರಕ್ಕೂ ಹೆಚ್ಚು ಯುವಕರು ಸೆರೆಯಾದರು. ಸಂಬಳ ಕಡಿಮೆ ಬಂತೆಂಬ ಸುದ್ದಿ ಒಂದು ದಿನ ಹಿಂದಾಗಿಯೇ ಬಂದಿದ್ದರೆ ದೇಶವೆಲ್ಲ ಅವರ ಪರ ನಿಲ್ಲುತ್ತಿತ್ತು. ಒಡೆದ ಗಾಜಿನ ಚಿತ್ರ ಮೊದಲು ಬಂತು, ಸಂಬಳದ ಚೀಟಿ ಆಮೇಲೆ ಬಂತು.

ಇದಕ್ಕೆ ಎದುರು ಮಾತು ಉಂಟು. 2016ರ ಏಪ್ರಿಲ್ 18, 19ರಂದು ಬೆಂಗಳೂರಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಸಾವಿರಾರು ಸಿದ್ಧ ಉಡುಪು ಕಾರ್ಮಿಕರು ಬೀದಿಗೆ ಬಂದರು. ಕಲ್ಲು ಬಿತ್ತು, ಬಸ್ಸು ಸುಟ್ಟವು, ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು, ಬೆಂಕಿ ಹಚ್ಚಿದರೇ ಕೇಳುತ್ತಾರೆ ಎಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬಸ್ಸು ಸುಡಲು ಹತ್ತು ಜನ ಸಾಕು. ಹತ್ತು ಜನರಿಗೆ ಯಾವ ಸರ್ಕಾರವೂ ನಿಯಮ ಬದಲಿಸಿಲ್ಲ. ಹೊಲಿಗೆ ಯಂತ್ರ ಬಿಟ್ಟೆದ್ದು ಹೆದ್ದಾರಿಯಲ್ಲಿ ಕೂತ ಸಾವಿರಾರು ಹೆಣ್ಣುಮಕ್ಕಳಿಗೆ ಸರ್ಕಾರ ಅಂಜಿತು. ಸುಟ್ಟ ಬಸ್ಸಿನಿಂದ ಬಂದದ್ದು ಲಾಠಿ, ಅಶ್ರುವಾಯು, ಮೊಕದ್ದಮೆ.

ಕಾಗೋಡಿನಲ್ಲಿ 1951ರಲ್ಲಿ ಜಗಳ ಶುರುವಾದದ್ದು ಒಂದು ಕೊಳಗದಿಂದ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಅಳತೆಯ ಮೋಸಕ್ಕಿಂತ ಮನುಷ್ಯನನ್ನು ಬೇಗ ಕೆರಳಿಸುವ ವಸ್ತು ಇನ್ನೊಂದಿಲ್ಲ. ಕುಡುಗೋಲು ಕೈಯಲ್ಲೇ ಇತ್ತು. ಆ ಗೇಣಿದಾರರು ಹೊಲಕ್ಕೆ ನಡೆದು ಬಂಧನಕ್ಕೊಳಗಾದರು, ಹೊರತು ಯಾರ ಮೈಮೇಲೂ ಹೋಗಲಿಲ್ಲ. ಅವರ ಜೊತೆ ನಿಲ್ಲಲು ಬಂದ ಲೋಹಿಯಾ ಅವರೂ ಸೆರೆಯಾದರು. ಉಳುವವನಿಗೆ ಹೊಲ ಎಂಬ ಕಾನೂನು ಗಟ್ಟಿಯಾಗಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು, ನಿಜ. ಆದರೆ ಗೇಣಿದಾರರು ಪುಂಡರೆಂದು ಹೇಳಿ ಆ ಬೇಡಿಕೆಯನ್ನು ಮುಚ್ಚಿಹಾಕಲು ಯಾರಿಗೂ ಆಗಲಿಲ್ಲ.

ಇರಲಿ, ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮ ತುಮಕೂರಿನಲ್ಲಿ ಬಟವಾಡಿ ಎಂಬ ಬಡಾವಣೆಯೇ ಇದೆ. ಬಟವಾಡೆ ಮಾತ್ರ ಹೇಳಿದ ದಿನಕ್ಕೆ ಆಗುವುದಿಲ್ಲ. ಶನಿವಾರ ಸಾಯಂಕಾಲ ಗುಮಾಸ್ತನ ಮೇಜಿನ ಮುಂದೆ ನಲವತ್ತು ಜನ. ಒಬ್ಬನ ಲೆಕ್ಕದಲ್ಲಿ ಎರಡು ದಿನದ ಕೂಲಿ ಬಿಟ್ಟುಹೋಗಿದೆ. ಅವನು ಕೇಳುತ್ತಾನೆ. ಗುಮಾಸ್ತ ತಲೆ ಎತ್ತದೆ, "ಪುಸ್ತಕದಲ್ಲಿ ಇಲ್ಲ" ಅನ್ನುತ್ತಾನೆ. ಮತ್ತೆ ಕೇಳಿದರೆ, "ಏಯ್, ನಿಂಗೊಂದು ಸಲ ಹೇಳಿದ್ರೆ ಗೊತ್ತಾಗಲ್ವೇನೋ?" ಹೊಡೆದಾಟ ಅಲ್ಲೇ ಶುರುವಾಯಿತು. ಕೈ ಮೇಲೆದ್ದದ್ದು ಐದು ನಿಮಿಷ ಕಳೆದ ಮೇಲಾದರೂ, ಮೊದಲ ಏಟು ಆ "ಏನೋ".

ನಮ್ಮ ಭಾಷೆಯಲ್ಲಿ ಏಕವಚನವೇ ಒಂದು ಆಯುಧ. ಗೆಳೆಯರೊಳಗೆ ಅದು ಸಲಿಗೆ; ಮಗನ ವಯಸ್ಸಿನ ಮೇಲ್ವಿಚಾರಕ ಬಿಳಿಗೂದಲಿನ ಹಮಾಲಿಗೆ ಹೇಳಿದರೆ ಕಪಾಳಕ್ಕೆ ಹೊಡೆದ ಹಾಗೆ. ಅದರ ಮೇಲೆ ತಾಯಿಯ ಹೆಸರು, ಜಾತಿಯ ಹೆಸರು ಬಂದರೆ ಕೇಳುವುದೇ ಬೇಡ. ಪರಿಶಿಷ್ಟರನ್ನು ಹತ್ತು ಜನರ ಎದುರು ಜಾತಿ ಹಿಡಿದು ಬೈಯುವುದು 1989ರ ಕಾಯಿದೆಯ ಪ್ರಕಾರ ಅಪರಾಧ, ಬೈಗುಳವೆಂದು ಮರೆತುಬಿಡತಕ್ಕದ್ದಲ್ಲ. ಆಯುಧ ಆ ಕಡೆ ಇದ್ದರೆ ಮದ್ದು ಈ ಕಡೆ ಉಂಟು: ಎದುರಿನವನು ಏಕವಚನಕ್ಕೆ ಇಳಿದಾಗ ನಾವು ಬಹುವಚನದಲ್ಲೇ ನಿಲ್ಲುವುದು. "ನೀವು ಪುಸ್ತಕ ತೋರಿಸಿ ಸ್ವಾಮಿ, ನಮ್ಮ ಚೀಟಿಯಲ್ಲಿ ಹತ್ತು ದಿನ ಇದೆ." ದನಿ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ. ಕೂಗುವವನು ಒಬ್ಬನೇ ಆದಾಗ ಅವನ ಕೂಗು ಅವನಿಗೇ ಕೇಳಿಸತೊಡಗುತ್ತದೆ. ಇದು ದೈನ್ಯವಲ್ಲ. ಕೇಳುವ ಎರಡು ದಿನದ ಕೂಲಿಯಲ್ಲಿ ಒಂದು ಕಾಸೂ ಬಿಡುವುದಿಲ್ಲ.

ಇನ್ನು ಕೈಕಾಲಿನ ಮಾತು. ಮೂಟೆ ಎಳೆಯುವ ಕೊಕ್ಕೆ, ಎಳನೀರು ಕೊಚ್ಚುವ ಮಚ್ಚು, ಕಾಯಿ ಸುಲಿಯುವ ಸಲಾಕೆ, ತಕ್ಕಡಿಯ ಕಲ್ಲು ಇವೆಲ್ಲ ನಮ್ಮ ಅನ್ನದ ಸಾಮಾನು. ಮಾತು ಬಿಸಿಯಾಯಿತೆಂದರೆ ಮೊದಲ ಕೆಲಸ ಅದನ್ನು ಕೆಳಗಿಡುವುದು, ಎದುರಿನವನಿಗೆ ಕಾಣುವ ಹಾಗೆ ಕೆಳಗಿಡುವುದು. ಸಿಟ್ಟಾದವನಿಂದ ಒಂದು ಮಾರು ದೂರ, ಸ್ವಲ್ಪ ಓರೆಯಾಗಿ ನಿಲ್ಲಬೇಕು. ಎದೆಗೆ ಎದೆ ಕೊಟ್ಟು ನಿಂತರೆ ಕುಸ್ತಿಗೆ ಕರೆದ ಹಾಗೆ. ಬಾಗಿಲಿಗೆ ಅಡ್ಡ ನಿಲ್ಲಬಾರದು. ಹೋಗಲು ದಾರಿ ಕಂಡರೆ ಮನುಷ್ಯ ಹೋಗಿಬಿಡುತ್ತಾನೆ, ದಾರಿ ಇಲ್ಲದಿದ್ದರೆ ಬೆಕ್ಕೂ ಮೈಮೇಲೆ ಹಾರುತ್ತದೆ. ಸಮಾಧಾನ ಮಾಡುತ್ತೇವೆಂದು ಭುಜ ಹಿಡಿಯುವ ಚಾಳಿ ನಮ್ಮಲ್ಲಿ ಬಹಳ. ಕೋಪ ಬಂದವನಿಗೆ ಆ ಕೈ ಹಿಡಿಯುವ ಕೈಯೋ ಹೊಡೆಯುವ ಕೈಯೋ ಗೊತ್ತಾಗುವುದಿಲ್ಲ. "ಸುಮ್ನಿರಪ್ಪ, ಅಷ್ಟಕ್ಕೆಲ್ಲ ಯಾಕೆ ಹಾರಾಡ್ತೀಯ" ಅನ್ನುವ ಮಾತೂ ಬೇಡ. ಅವನಿಗೆ ಅದು "ಅಷ್ಟು" ಅಲ್ಲ. ಮನೆಯ ವಾರದ ಅಕ್ಕಿ.

ಎಲ್ಲಕ್ಕಿಂತ ಹೆಚ್ಚಾಗಿ ಜಗಳವನ್ನು ಬೆಳೆಸುವವರು ಸುತ್ತ ನಿಂತವರು. ನಲವತ್ತು ಜನರ ಎದುರು ಯಾರೂ ಹಿಂದಕ್ಕೆ ಸರಿಯಲಾರರು, ಗುಮಾಸ್ತನೂ ಸರಿಯಲಾರ. ಆದ್ದರಿಂದ ಸಂಗಾತಿಗಳ ಕೆಲಸ ಮುತ್ತಿಕೊಳ್ಳುವುದಲ್ಲ. ಒಬ್ಬರು ಮಾತ್ರ ಮಾತಾಡಬೇಕು. ಮತ್ತಿಬ್ಬರು ಉಳಿದವರನ್ನು ಟೀ ಅಂಗಡಿಯ ಕಡೆ ಕರೆದುಕೊಂಡು ನಡೆಯಬೇಕು. ಸಿಟ್ಟಾದವನಿಗೆ ಒಂದು ಲೋಟ ನೀರು, ಕೂರಲು ಒಂದು ಸ್ಟೂಲು. ಅವನು ಹೇಳಿದ್ದರಲ್ಲಿ ನಿಜ ಇದ್ದಷ್ಟನ್ನು ತಕ್ಷಣ ಒಪ್ಪಬೇಕು: "ಎರಡು ದಿನ ಬಿಟ್ಟುಹೋಗಿರೋದು ನಿಜ." ಆಮೇಲೆ ಒಂದು ಹೊತ್ತು ಗೊತ್ತುಮಾಡಬೇಕು, "ಸೋಮವಾರ ಹತ್ತು ಗಂಟೆಗೆ ಮಾಲೀಕರ ಮುಂದೆ." ಹಾಗೆಂದವನು ಹತ್ತು ಗಂಟೆಗೆ ಅಲ್ಲಿ ಇರತಕ್ಕದ್ದು. ಒಂದು ಸಲ ತಪ್ಪಿದರೆ ಮುಂದಿನ ಸಲ ಅವನ ಮಾತಿಗೆ ಯಾರೂ ನಿಲ್ಲುವುದಿಲ್ಲ. ಕುಡಿದು ಬಂದವನ ಹತ್ತಿರ ಆ ರಾತ್ರಿ ಲೆಕ್ಕ ಬೇಡ, ಮನೆ ಸೇರಿಸಿ. ಕತ್ತಿ ಹಿಡಿದು ಬಂದವನ ಹತ್ತಿರ ಈ ಉಪಾಯ ಯಾವುದೂ ಬೇಡ. ಜಾಗ ಬಿಟ್ಟು ಹೊರಟು 112ಕ್ಕೆ ಫೋನು ಮಾಡಿ. ಪ್ರಾಣ ಉಳಿಸಿಕೊಳ್ಳುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟಿದೆ. ಆದರೆ ಉಳಿಸಿಕೊಳ್ಳಲು ಬೇಕಾದಷ್ಟು ಮಾತ್ರ, ಸೇಡಿಗಲ್ಲ.

ಅಂಗಡಿಯ ಬಂಧುಗಳಿಗೂ ಒಂದು ಮಾತು. ನೀವು ಎರಡೂ ಕಡೆ ಇದ್ದೀರಿ. ದಿನದ ಕಂತು ವಸೂಲಿಗೆ ಬಂದವನು ಗಿರಾಕಿಗಳ ಎದುರು ನಿಮ್ಮ ಮಾನ ಕಳೆಯುತ್ತಾನೆ. ಅಂಥ ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಬಂದವನ ಹೆಸರು, ದಿನ, ಹೊತ್ತು, ಆಡಿದ ಮಾತು ಅದೇ ದಿನ ಬರೆದಿಡಿ. ಆ ಅವಮಾನವನ್ನು ಒಳಗೆ ಬಂದು ಅಂಗಡಿಯ ಹುಡುಗನ ಬೆನ್ನ ಮೇಲೆ ಇಳಿಸುವುದೂ ನಮ್ಮ ಪೇಟೆಗಳಲ್ಲಿ ಉಂಟು. ಲೋಟ ಒಡೆದದ್ದಕ್ಕೆ ಏಟು, ಚಿಲ್ಲರೆ ತಪ್ಪಿದ್ದಕ್ಕೆ ಏಟು. ಮಾಲೀಕನ ದೌರ್ಜನ್ಯವೆಂದರೆ ದೊಡ್ಡ ಕಾರ್ಖಾನೆಯಲ್ಲಿ ಮಾತ್ರ ಎಂದು ತಿಳಿಯಬೇಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಕುಣಿಗಲ್ ಕಡೆಯಿಂದ ಬೆಂಗಳೂರು ದಾರಿಯ ಕಾರ್ಖಾನೆಗಳಿಗೆ ನಸುಕಿನಲ್ಲೇ ಬಸ್ಸು ಹತ್ತುವ ಅಕ್ಕತಂಗಿಯರಿಗೆ "ತಾಳ್ಮೆ ಇರಲಿ" ಎಂದು ಬೋಧಿಸಲು ನಾವು ಬಂದಿಲ್ಲ. ತಾಳ್ಮೆ ಅವರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯಿದೆಯಂತೆ ಹತ್ತು ಮತ್ತು ಹೆಚ್ಚು ಮಂದಿ ದುಡಿಯುವ ಕಡೆ ಒಳಗಿನ ದೂರು ಸಮಿತಿ ಇರತಕ್ಕದ್ದು, ಅದಕ್ಕಿಂತ ಚಿಕ್ಕ ಜಾಗದವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ. ಅಣ್ಣತಮ್ಮಂದಿರು ಹೋಗಿ ಮೇಲ್ವಿಚಾರಕನನ್ನು ಹೊಡೆದು ಬಂದರೆ ಆ ಹೆಣ್ಣುಮಗಳ ದೂರು ಮುಚ್ಚಿಹೋಗುತ್ತದೆ, ಹೊಡೆದವರ ಮೊಕದ್ದಮೆ ಮಾತ್ರ ಉಳಿಯುತ್ತದೆ. ಅವಳ ಜೊತೆ ಸಾಕ್ಷಿಯಾಗಿ ನಿಲ್ಲುವುದು ಹೊಡೆಯುವುದಕ್ಕಿಂತ ಕಷ್ಟದ ಕೆಲಸ.

ಕಾರ್ಖಾನೆಗಳ ಶಿಸ್ತಿನ ನಿಯಮಗಳಲ್ಲಿ ಹೊಡೆದಾಟ, ಗಲಭೆ ದುರ್ವರ್ತನೆಯೆಂದು ಬರೆದಿದೆ. ಕೆಲಸದಿಂದ ತೆಗೆಯಲು ಅಷ್ಟು ಸಾಕು. ಕೂಲಿ ತಡ ಮಾಡಿದ ಮಾಲೀಕನನ್ನು ಕೆಲಸದಿಂದ ತೆಗೆಯುವ ನಿಯಮ ಎಲ್ಲಿಯೂ ಇಲ್ಲ. ನಮ್ಮ ನಿಲುವಿನ ಕಾರಣ ಇದೇ. ಬಲಾಬಲ ಸಮವಿಲ್ಲದ ಕಡೆ ಮೊದಲು ಕೈ ಎತ್ತಿದ ಬಡವ ತನ್ನ ನ್ಯಾಯವನ್ನು ತಾನೇ ಎದುರಾಳಿಗೆ ಕೊಟ್ಟು ಬರುತ್ತಾನೆ. ಆದರೆ ಮಾಲೀಕರೂ ಕೇಳಲಿ: ದೂರು ಹೇಳಲು ಬಾಗಿಲಿಲ್ಲದ ಕಡೆ ಶಾಂತಿಯ ಫಲಕ ತೂಗುಹಾಕಿ ಪ್ರಯೋಜನವಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೈಸೇರಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಇಪ್ಪತ್ತು ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಪಕ್ಷದ ಸಮಸಂಖ್ಯೆಯ ಸದಸ್ಯರಿರುವ ಕುಂದುಕೊರತೆ ಸಮಿತಿ ಬೇಕೆಂದು 2010ರ ತಿದ್ದುಪಡಿಯೇ ಹೇಳಿತ್ತು. 2025ರ ನವೆಂಬರಿನಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯೂ ಅದನ್ನೇ ಹೇಳುತ್ತದೆ, ಮೂವತ್ತು ದಿನದೊಳಗೆ ದೂರು ಮುಗಿಸಬೇಕೆನ್ನುತ್ತದೆ.

ನಿಮ್ಮ ಗಿರಣಿಯಲ್ಲಿ ಆ ಸಮಿತಿ ಇದೆಯೇ, ಅದರಲ್ಲಿ ನಿಮ್ಮವರು ಯಾರು ಎಂದು ಈ ವಾರವೇ ಕೇಳಿ. ಇಪ್ಪತ್ತು ಜನ ಇಲ್ಲದ ಕಡೆ ಮುಂದಿನ ಬಟವಾಡೆಗೆ ಮುಂಚೆ ಇಬ್ಬರನ್ನು ನೀವೇ ಆರಿಸಿ. ದನಿ ಏರಿಸದವರು, ಲೆಕ್ಕ ಬಲ್ಲವರು, ಒಬ್ಬರಾದರೂ ಹೆಂಗಸರು ಇರಲಿ. ಹಾಜರಿಯನ್ನು ದಿನದಿನವೂ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಅರ್ಜಿಗೆ ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿತೆಂದು ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಮಾಲೀಕರಿಗೂ ಕಾರ್ಮಿಕ ಇಲಾಖೆಗೂ ಕಳಿಸಿ, ರಸೀತಿಯನ್ನು ಆ ನೋಟುಪುಸ್ತಕಕ್ಕೇ ಅಂಟಿಸಿಡಿ.