ಪ್ರೆಷರ್ ವಾಷರ್ ಬಾಡಿಗೆ: ಅಂಗಡಿಯ ದರ, ಅಂಗಳದ ಲೆಕ್ಕ

ಗೌರಿ ಗಣೇಶ ಮುಗಿದು ಆಯುಧಪೂಜೆ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನ ಜಯನಗರ, ಬನಶಂಕರಿಯ ಹಳೇ ಮನೆಗಳ ಅಂಗಳದಲ್ಲಿ ಕಾಲಿಡಲು ಹೆದರಿಕೆಯಾಗುತ್ತದೆ. ಚಪ್ಪಡಿಯ ಮೇಲೆ ಪಾಚಿ ಕಟ್ಟಿರುತ್ತದೆ, ಕಾಂಪೌಂಡು ಗೋಡೆ ಕಪ್ಪಿಟ್ಟಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಲ್ಲಿ ಉಜ್ಜುವಷ್ಟು ಸೊಂಟದ ಶಕ್ತಿ ಮನೆಯ ಹಿರಿಯರಿಗೆ ಉಳಿದಿಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ. ಆಗ ಬರುವ ಪ್ರಶ್ನೆ: ಪ್ರೆಷರ್ ವಾಷರನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದರೆ ಎಷ್ಟಾಗುತ್ತದೆ?

ಮೊದಲು ಯಂತ್ರ ಏನು ಮಾಡುತ್ತದೆ ನೋಡೋಣ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಹತ್ತು ಮೀಟರಿಗೆ ಒಂದು ಬಾರ್‌ನಂತೆ ಒತ್ತಡ ಬರುತ್ತದೆ. ಒಂದಂತಸ್ತಿನ ಮನೆಯ ಅಂಗಳದ ನಲ್ಲಿಯಲ್ಲಿ ಅರ್ಧ ಬಾರ್ ಇದ್ದರೆ ಹೆಚ್ಚು. ಮನೆಬಳಕೆಯ ಪ್ರೆಷರ್ ವಾಷರ್ ಕೊಡುವುದು ನೂರು ಬಾರ್, ಅದಕ್ಕೂ ಮೇಲೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆಯಲ್ಲ, ಇಲ್ಲಿ ನೀರು ತುಂಬಿದ ಕೊಳವೆಯೊಂದರ ಇನ್ನೊಂದು ತುದಿ ಮಂಗಳೂರಿನ ಕಡಲ ದಂಡೆಯಲ್ಲಿ ಮುಚ್ಚಿದ್ದರೆ ಅಲ್ಲಿ ಎಷ್ಟು ಒತ್ತಡವಿರುತ್ತದೋ ಹೆಚ್ಚುಕಡಿಮೆ ಅಷ್ಟು. ಜರ್ಮನಿಯ ಕಾರ್ಚರ್ ಕಂಪನಿ 1950ರಲ್ಲಿ ಬಿಸಿನೀರಿನ ಯಂತ್ರ ಮಾಡಿದಾಗ ಅದು ಕಾರ್ಖಾನೆ, ಗ್ಯಾರೇಜುಗಳ ವಸ್ತು. ಮನೆಯವರು ಕೈಯಲ್ಲಿ ಹಿಡಿದು ಓಡಾಡುವಂಥದ್ದು ಬಂದದ್ದು 1984ರಲ್ಲಿ.

ಈಗ ಹಣ. ಲೆಕ್ಕ ಹಿಡಿಯಲು ದಿನದ ಬಾಡಿಗೆ 600 ರೂಪಾಯಿ ಅಂತ ಇಟ್ಟುಕೊಳ್ಳೋಣ; ನಿಮ್ಮ ಅಂಗಡಿಯವರು ಬೇರೆ ದರ ಹೇಳಿದರೆ ಅದನ್ನೇ ಹಾಕಿಕೊಳ್ಳಿ. ಅಂಗಡಿ ಬಿಟಿಎಂ ಲೇಔಟಿನಲ್ಲಿ, ಮನೆ ಜಯನಗರದಲ್ಲಿ, ಮಧ್ಯೆ ಐದು ಕಿಲೋಮೀಟರ್. 2025ರ ಆಗಸ್ಟಿನಿಂದ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಅಂದರೆ ತರಲು 90, ಮರಳಿಸಲು 90. ಖಾಲಿ ಕೈಯಲ್ಲಿ ಹೋಗಿ ಬರುವುದಕ್ಕೆ ಬಸ್ಸು ಹಿಡಿಯಿರಿ. ಮೀಟರ್ ಹಾಕುವ ಆಟೋ ಸಿಗಬೇಕು ಅನ್ನುವುದು ಬೇರೆ ಮಾತು. ಕರೆಂಟಿನದು ಏನೂ ಇಲ್ಲ: ಒಂದೂವರೆಯಿಂದ ಎರಡು ಕಿಲೋವ್ಯಾಟಿನ ಮೋಟಾರು ಮೂರು ಗಂಟೆ ಓಡಿದರೂ ಐದಾರು ಯೂನಿಟ್, ನಲವತ್ತು ರೂಪಾಯಿಯ ಸುತ್ತಮುತ್ತ. ಎಲ್ಲ ಸೇರಿ ಎಂಟುನೂರರ ಆಸುಪಾಸು.

ಇದೇ ಸಣ್ಣ ಯಂತ್ರ ಕೊಳ್ಳುವುದಾದರೆ ಎಂಟು ಸಾವಿರ ಅಂತ ಇಟ್ಟುಕೊಳ್ಳಿ. ಹತ್ತು ಸಲ ಬಾಡಿಗೆಗೆ ತಂದರೆ ಒಂದು ಯಂತ್ರದ ಬೆಲೆ. ವರ್ಷಕ್ಕೆ ಎರಡು ಸಲ ತೊಳೆಯುವ ಮನೆಗೆ ಐದು ವರ್ಷ ಆಯಿತು. ಆ ಐದು ವರ್ಷವೂ ಅದು ಸ್ಟೋರ್ ರೂಮಿನಲ್ಲಿ ಸುಮ್ಮನೆ ಕೂತಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಪಂಪಿನೊಳಗೆ ಬಿಳಿ ಪೊರೆ ಕಟ್ಟುತ್ತದೆ, ರಬ್ಬರ್ ರಿಂಗುಗಳು ಒಣಗಿ ಸೋರುತ್ತವೆ. ಬಿಟಿಎಂನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಡುವ ಜಾಗವೇ ಇಲ್ಲ. ಹಾಗಾಗಿ ನನ್ನ ಮತ ಬಾಡಿಗೆಯ ಕಡೆಗೆ. ಅದಕ್ಕಿಂತಲೂ, ಪಕ್ಕದ ಎರಡು ಮನೆಯವರನ್ನು ಸೇರಿಸಿಕೊಂಡು ತರುವುದರ ಕಡೆಗೆ. ಬಾಡಿಗೆ, ಆಟೋ ಸೇರಿ 780 ರೂಪಾಯಿ ಮೂವರಿಗೆ ಹಂಚಿದರೆ ತಲಾ 260. ಒಂದು ಮನೆಯ ಅಂಗಳಕ್ಕೆ ಇಡೀ ದಿನ ಬೇಕಾಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ಯಂತ್ರ ಮೂಲೆ ಸೇರುತ್ತದೆ, ಬಾಡಿಗೆ ಮಾತ್ರ ಸಂಜೆವರೆಗೆ ಓಡುತ್ತಿರುತ್ತದೆ.

ಆದರೆ ಬೆಂಗಳೂರಿನಲ್ಲಿ ನಿಜವಾದ ಲೆಕ್ಕ ನೀರಿನದು. 2024ರ ಮಾರ್ಚಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು, ಕಟ್ಟಡ ಕಟ್ಟುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ, ಮುಂದುವರಿಸಿದರೆ ದಿನಕ್ಕೆ ಇನ್ನೂ 500 ಎಂದಿತ್ತು. ಬೇಸಿಗೆಯಲ್ಲಿ ಕಾವೇರಿ ಸಂಪಿಗೆ ಪೈಪು ಬಿಟ್ಟು ಕಾರು ತೊಳೆದವರಿಗೆ ಎಂಟುನೂರರ ಲೆಕ್ಕ ಎಲ್ಲಿ ಹೋಗಿ ನಿಲ್ಲುತ್ತದೆ ನೋಡಿ. ಇಲ್ಲಿಂದ ನೂರು ಕಿಲೋಮೀಟರ್ ಆಚೆ, ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಪಂಪು ಮಾಡಿ ತಂದ ನೀರದು.

ಯಂತ್ರ ನೀರು ಕುಡಿಯುತ್ತದೆ ಎಂಬ ಭಯ ಅರ್ಧ ನಿಜ. ನಿಮಿಷಕ್ಕೆ ಆರು ಲೀಟರಿನ ಆಸುಪಾಸು ಬೇಕು. ತೋಟದ ಪೈಪು ಅದರ ಎರಡು ಪಟ್ಟು ಸುರಿಸುತ್ತದೆ. ಹಿಡಿಕೆಯ ಟ್ರಿಗರ್ ಒಟ್ಟು ಎರಡು ಗಂಟೆ ಒತ್ತಿದ್ದರೆ 720 ಲೀಟರ್. ಟ್ಯಾಂಕರು ತರಿಸಿದರೆ? 2024ರಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರದಲ್ಲಿ, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಲೀಟರಿಗೆ ಹತ್ತು ಪೈಸೆ ಅನ್ನಿಸಿದರೂ 720 ಲೀಟರಿಗಾಗಿ ಯಾವ ಟ್ಯಾಂಕರೂ ಬರುವುದಿಲ್ಲ.

ದಾರಿ ತಲೆಯ ಮೇಲೇ ಇದೆ. ಸಾವಿರ ಚದರಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್. ಐದರಲ್ಲೊಂದು ಪಾಲು ಸೋರಿ ಆರಿ ಹೋದರೂ ಏಳುನೂರು ಚಿಲ್ಲರೆ ಕೈಗೆ ಸಿಗುತ್ತದೆ. ಒಂದು ಒಳ್ಳೆಯ ಮಳೆಗೆ ಒಂದು ಅಂಗಳದ ತೊಳೆತ! ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಪಾಚಿ ದಪ್ಪವಾಗಿ, ಮೆತ್ತಗಾಗಿ ಬೇಗ ಏಳುವುದೂ ಆಗಲೇ. ಡ್ರಮ್ಮಿನಲ್ಲಿಟ್ಟ ನೀರನ್ನು ತಾನೇ ಎಳೆದುಕೊಳ್ಳುವ ಯಂತ್ರವನ್ನೇ ಕೇಳಿ ಪಡೆಯಿರಿ. ಎಲ್ಲವೂ ಎಳೆಯುವುದಿಲ್ಲ, ನೀರು ಶೋಧಿಸದೆ ಇದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ತಾರಸಿ ನೀರನ್ನು ಹಿಡಿದಿಡುವ ಬಗೆಯನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಸಂಗ್ರಹ ಪ್ರದರ್ಶನ ಉದ್ಯಾನವೇ ಇದೆ.

ಇನ್ನೊಂದು ಖರ್ಚು ಯಾರ ರಸೀದಿಯಲ್ಲೂ ಕಾಣಿಸುವುದಿಲ್ಲ. ಹಳೆಯ ತಾರಸಿಯ ಸುಟ್ಟ ಹೆಂಚುಗಳ ಸಂದಿನ ಗಾರೆ ಯಂತ್ರದಿಂದ ಚಿಮ್ಮುವ ನೀರಿಗೆ ಎದ್ದು ಹೋಗುತ್ತದೆ. ಮುಂದಿನ ಮಳೆಗೆ ಕೆಳಗಿನ ಕೋಣೆ ಸೋರುತ್ತದೆ. ರೆಡ್ ಆಕ್ಸೈಡ್ ನೆಲದ ಹತ್ತಿರ ಯಂತ್ರ ತರಲೇಬೇಡಿ. ಗ್ರಾನೈಟ್ ಚಪ್ಪಡಿಗೆ ಭಯವಿಲ್ಲ. ಕಾರಿಗೆ ಬೀಸಣಿಗೆಯಂತೆ ಹರಡುವ ನಾಜಲ್, ಒಂದಡಿ ದೂರ. ಸುತ್ತುವ ಟರ್ಬೊ ನಾಜಲ್ ಬಣ್ಣ ಕಿತ್ತೀತು. ಹದಿನೈದು ಆಂಪಿಯರಿನ ಪ್ಲಗ್, ಕರೆಂಟು ಸೋರಿದರೆ ಕಡಿದುಹೋಗುವ ಇಎಲ್‌ಸಿಬಿ ಇಲ್ಲದೆ ಒದ್ದೆ ಅಂಗಳದಲ್ಲಿ ಓಡಿಸಬೇಡಿ. ಚಿಮ್ಮುವ ನೀರು ಚರ್ಮ ಸೀಳಿ ಒಳಗೆ ನುಗ್ಗಿದರೆ ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ಅಂಗಡಿಯವರು ಕಟ್ಟಿಸಿಕೊಳ್ಳುವ ಠೇವಣಿ. ತರುವಾಗ ಅಂಗಡಿಯಲ್ಲೇ ಯಂತ್ರ ಓಡಿಸಿ ನೋಡಿ, ನಾಜಲ್ ಎಷ್ಟಿವೆ ಎಣಿಸಿ, ಫೋಟೋ ಹಿಡಿದುಕೊಳ್ಳಿ. ಒಂದು ದಿನವೆಂದರೆ ಇಪ್ಪತ್ತನಾಲ್ಕು ಗಂಟೆಯೋ, ಸಂಜೆ ಅಂಗಡಿ ಮುಚ್ಚುವವರೆಗೋ ಬರೆಸಿಕೊಳ್ಳಿ. ಭಾನುವಾರ ರಜೆಯ ಅಂಗಡಿಯಾದರೆ ಶನಿವಾರ ಸಂಜೆ ತಂದು ಸೋಮವಾರ ಬೆಳಿಗ್ಗೆ ಕೊಡುತ್ತೇನೆಂದು ಕೇಳಿ ನೋಡಿ. ಒಂದೇ ದಿನದ ಬಾಡಿಗೆಗೆ ಒಪ್ಪಿದರೆ ಪಕ್ಕದ ಮನೆಯವರಿಗೂ ಸಮಯ ಸಿಕ್ಕಿತು. ಮರಳಿಸುವ ಮುನ್ನ ಸ್ವಿಚ್ ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಬಿಡಿ, ನೀರು ಬಸಿಯಿರಿ. ಠೇವಣಿ ಫೋನಿಗೆ ಬಂದ ಮೇಲೆಯೇ ಅಂಗಡಿಯ ಮೆಟ್ಟಿಲು ಇಳಿಯಿರಿ.